ಒಂದನೇ ಭಾಗಕ್ಕೇ ನಿಲ್ಲಿಸಬೇಡಿ

‘ದಿ ಹ್ಯಾಂಡ್‌ಮೇಡನ್’ (2016) ಅನ್ನೋ ಕೊರಿಯನ್ ಸಿನಿಮಾದ ಅರ್ಧದಲ್ಲಿ ಅದೇ ಕಥೆ ಮತ್ತೆ ಶುರುವಾಯಿತು, ಮುಂದೆ ನೋಡಬೇಕಾ ಅಂತ ಕೇಳಿದ್ದೀರಿ. ಖಂಡಿತ ನೋಡಿ. ಮೊದಲ ಭಾಗ ಕೆಲಸದ ಹುಡುಗಿ ಸೂಕ್‌ಹೀ ಕಂಡಂತೆ, ಎರಡನೆಯದು ಒಡತಿ ಹಿಡೆಕೊ ಕಂಡಂತೆ. ಯಾರು ಯಾರಿಗೆ ಮೋಸ ಮಾಡುತ್ತಿದ್ದಾರೆ ಅನ್ನೋದೇ ಅಲ್ಲಿ ತಲೆಕೆಳಗಾಗುತ್ತದೆ. ಸ್ನಾನದ ತೊಟ್ಟಿಯಲ್ಲಿ ಕೂತ ಹಿಡೆಕೊಳ ಚೂಪು ಹಲ್ಲನ್ನು ಸೂಕ್‌ಹೀ ಬೆರಳಿಗೆ ಹೊಲಿಗೆಯವರ ಲೋಹದ ಟೋಪಿ (ಥಿಂಬಲ್) ಹಾಕಿಕೊಂಡು ಉಜ್ಜಿ ನುಣುಪು ಮಾಡುತ್ತಾಳಲ್ಲ, ಪ್ರೀತಿ ಹುಟ್ಟೋದು ಅಲ್ಲೇ ಅಂತ ನನ್ನ ಲೆಕ್ಕ. ಇಬ್ಬರೂ ಜಾಸ್ತಿ ಮಾತೇ ಆಡಲ್ಲ!

ಸಬ್‌ಟೈಟಲ್ ಎರಡು ಬಣ್ಣ ಯಾಕೆ ಅಂದಿರಿ. ಕಥೆ ನಡೆಯೋದು 1930ರ ದಶಕದಲ್ಲಿ, ಜಪಾನ್ ಆಳುತ್ತಿದ್ದ ಕೊರಿಯಾದಲ್ಲಿ. ಹಳದಿ ಬಂದರೆ ಜಪಾನೀ ಮಾತು, ಬಿಳಿ ಬಂದರೆ ಕೊರಿಯನ್. ಯಾರು ಯಾವಾಗ ಭಾಷೆ ಬದಲಿಸುತ್ತಾರೆ ಗಮನಿಸಿ.

ಹಾಂ, ಮನೆಯವರ ಜೊತೆ ಕೂತು ನೋಡಬೇಡಿ.