ಎತ್ತರಿಸಿದ ಪಿಕಪ್‌ನ ಹಿಂಭಾಗ ಎಗರದಿರಲು ಎಂಥ ಶಾಕ್ ಅಬ್ಸಾರ್ಬರ್ ಹಾಕಿಸಬೇಕು?

ಹೈಲಕ್ಸ್, ವಿ-ಕ್ರಾಸ್‌ನಂಥ ಗಾಡಿಯನ್ನು 2 ಇಂಚು ಎತ್ತರಿಸಿ ಹೆಚ್ಚಾಗಿ ಖಾಲಿ ಓಡಿಸುವುದಾದರೆ, ಆ ಎತ್ತರಕ್ಕೆಂದೇ ಮಾಡಿದ, ಕಡಿಮೆ ಅನಿಲ ಒತ್ತಡದ ಟ್ವಿನ್ ಟ್ಯೂಬ್ (ಒಂದರೊಳಗೊಂದು ಎರಡು ಕೊಳವೆಯ) ಶಾಕ್ ಹಾಕಿಸಿ. ಒಂದೇ ಕೊಳವೆಯ ಮಾನೋಟ್ಯೂಬ್‌ನಲ್ಲಿ ಒತ್ತಡ ಹೆಚ್ಚು. ಉದ್ದದ ಕಚ್ಚಾ ರಸ್ತೆಯಲ್ಲಿ ಬಿಸಿಯಾದರೂ ಹಿಡಿತ ಬಿಡದು, ಆದರೆ ಸಣ್ಣ ಉಬ್ಬುಗಳು ಸಾಮಾನ್ಯವಾಗಿ ಹೆಚ್ಚು ತಟ್ಟುತ್ತವೆ.

ಹಿಂಭಾಗದ ತೂಕ ಹೊರುವುದು ಲೀಫ್ ಸ್ಪ್ರಿಂಗ್, ಅಂದರೆ ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳು. ಶಾಕ್ ಅದರ ಕುಣಿತವನ್ನಷ್ಟೇ ತಡೆಯುತ್ತದೆ. ಎತ್ತರಿಸಲು ಹೆಚ್ಚುವರಿ ಪಟ್ಟಿ ಸೇರಿಸಿದ್ದರೆ ಸ್ಪ್ರಿಂಗೇ ಗಟ್ಟಿಯಾಗಿರುತ್ತದೆ. ಎಷ್ಟು ದುಬಾರಿ ಶಾಕ್ ತಂದರೂ ಆ ಗಡಸುತನ ಹೋಗದು. ಆಗ ಮೊದಲು ಪಟ್ಟಿಯನ್ನೇ ಬದಲಿಸಿ.

ಉದ್ದವನ್ನು ಅಂದಾಜಿನಲ್ಲಿ ಕೊಳ್ಳಲೇಬೇಡಿ. ಮೇಲಿನ ಬೋಲ್ಟಿನಿಂದ ಕೆಳಗಿನ ಬೋಲ್ಟಿನವರೆಗೆ ಎರಡು ಅಳತೆ ಬೇಕು: ಆಕ್ಸಲ್ ಪೂರ್ತಿ ಇಳಿಬಿದ್ದಾಗ, ಮತ್ತು ಬಂಪ್ ಸ್ಟಾಪ್ (ಆಕ್ಸಲ್ ಮೇಲೆ ಬಂದು ಚಾಸಿಗೆ ಬಡಿಯದಂತೆ ತಡೆಯುವ ರಬ್ಬರ್ ತುಂಡು) ಪೂರ್ತಿ ಅದುಮಿದಾಗ. ಮುಚ್ಚಿದ ಶಾಕ್ ಎರಡನೆಯ ಅಳತೆಗಿಂತ 12 ಮಿ.ಮೀ.ನಷ್ಟಾದರೂ ಗಿಡ್ಡವಿರಲಿ, ಚಾಚಿದ್ದು ಮೊದಲನೆಯದಕ್ಕಿಂತ ತುಸು ಉದ್ದವಿರಲಿ. ಹಳೆಯ ಗಿಡ್ಡ ಶಾಕನ್ನೇ ಉಳಿಸಿಕೊಂಡರೆ ಪ್ರತಿ ಗುಂಡಿಯಲ್ಲೂ ಅದು ಪೂರ್ತಿ ಚಾಚಿ ಜಗ್ಗುತ್ತದೆ. ‘ಟಕ್’ ಎಂಬ ಸದ್ದು ಅದರದ್ದೇ. ಕೊನೆಗೆ ಸೀಲ್ ಹರಿದು ಎಣ್ಣೆ ಸೋರುತ್ತದೆ.

ರಬ್ಬರ್ ಬುಷ್ (ಬೋಲ್ಟಿನ ಸುತ್ತಲಿನ ರಬ್ಬರ್ ಬಳೆ) ಇರುವ ಬೋಲ್ಟುಗಳನ್ನು ಚಕ್ರ ನೆಲದ ಮೇಲಿದ್ದಾಗಲೇ ಕೊನೆಯ ಬಾರಿ ಬಿಗಿಸಬೇಕು. ಜಾಕ್ ಮೇಲೆ ಬಿಗಿಸಿದರೆ ಬುಷ್ ತಿರುಚಿಕೊಂಡೇ ಉಳಿದು ಬೇಗ ಹರಿಯುತ್ತದೆ. ಹಣ ಸುರಿಯುವ ಮೊದಲು ಹಿಂದಿನ ಟೈರಿನ ಗಾಳಿಯನ್ನೂ ನೋಡಿ: ಲೋಡಿಗೆಂದು ತುಂಬಿಸಿದ ಒತ್ತಡದಲ್ಲೇ ಖಾಲಿ ಓಡಿಸುವವರು ಬಹಳ.