ಚಾವಣಿಯ ಗಾರೆ ಮತ್ತೆ ಮತ್ತೆ ಉದುರುವುದೇಕೆ?

ಪ್ರಶ್ನೆ: ನಮ್ಮ ಮಲಗುವ ಕೋಣೆಯ ಕಾಂಕ್ರೀಟ್ ಚಾವಣಿಯಲ್ಲಿ, ಮೇಲಂತಸ್ತಿನ ಸ್ನಾನಗೃಹದ ಕೆಳಗೆ ಬರುವ ಮೂಲೆಯಲ್ಲಿ, ಊಟದ ತಟ್ಟೆಯಷ್ಟಗಲ ಗಾರೆ ಉದುರಿತ್ತು. ಪ್ಲಾಸ್ಟರ್ ಆಫ್ ಪ್ಯಾರಿಸ್ ಕಲಸಿ ನಾನೇ ಎರಡು ಸಲ ಮೆತ್ತಿದೆ. ಎರಡು ಸಲವೂ ಕೆಲವೇ ತಿಂಗಳಲ್ಲಿ ಉಬ್ಬಿ ಪುಡಿಪುಡಿಯಾಗಿ ಬಿತ್ತು. ನಾನು ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ಒಂದೇ ಜಾಗದಲ್ಲಿ ಎರಡು ಸಲ ಉದುರಿದೆಯೆಂದರೆ ತಮ್ಮ ಕೈಕೆಲಸಕ್ಕಿಂತ ಮೊದಲು ನೀರನ್ನೇ ಸಂಶಯಿಸಬೇಕಾಗುತ್ತದೆ. ಜಿಪ್ಸಮ್ಮನ್ನು ಸುಮಾರು 150 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದಾಗ ಅದರ ಹರಳಿನೊಳಗಿನ ನೀರಿನಲ್ಲಿ ಮುಕ್ಕಾಲು ಪಾಲು ಹೊರಟುಹೋಗಿ ಉಳಿಯುವ ಪುಡಿಯೇ ಪ್ಲಾಸ್ಟರ್ ಆಫ್ ಪ್ಯಾರಿಸ್. ಕಲಸಿದಾಗ ಅದು ಆ ನೀರನ್ನು ಮರಳಿ ಹೀರಿಕೊಂಡು ಗಟ್ಟಿಯಾಗುತ್ತದೆ. ಆದರೆ ಗಟ್ಟಿಯಾದ ಮೇಲೂ ಅದು ನೀರಿನಲ್ಲಿ ಅಷ್ಟಿಷ್ಟು ಕರಗುವ ವಸ್ತುವಾದ್ದರಿಂದ, ಸದಾ ತೇವವಿರುವ ಜಾಗಕ್ಕೆ ಹೇಳಿಸಿದ್ದಲ್ಲ.

ತೇವ ಎಲ್ಲಿಂದ ಬರುತ್ತಿದೆ ಎಂಬುದನ್ನು ತಿಳಿಯಲು ಒಂದು ಸುಲಭ ಪರೀಕ್ಷೆಯಿದೆ. ಒಂದು ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಆ ಜಾಗಕ್ಕೆ ಒತ್ತಿ, ನಾಲ್ಕೂ ಅಂಚನ್ನು ಟೇಪಿನಿಂದ ಮುಚ್ಚಿ, ಒಂದೆರಡು ದಿನ ಬಿಡಿ. ಹಾಳೆಯ ಒಳಮೈಯಲ್ಲಿ ಹನಿಗಟ್ಟಿದ್ದರೆ ನೀರು ಚಾವಣಿಯಿಂದ ಇಳಿಯುತ್ತಿದೆ. ಕೋಣೆಯ ಕಡೆಗಿರುವ ಹೊರಮೈಯಲ್ಲಿ ಕಂಡರೆ ಅದು ಕೋಣೆಯ ಗಾಳಿಯ ಆವಿ. ಮೊದಲನೆಯದಾದರೆ ಮೇಲಿನ ಸ್ನಾನಗೃಹದ ಪೈಪು, ನೆಲದ ಟೈಲ್ಸ್ ಸಂದು, ನೀರು ಹೋಗುವ ಬಾಯಿ ಇವುಗಳನ್ನು ಸರಿಪಡಿಸಿ, ಚಾವಣಿ ಪೂರ್ತಿ ಒಣಗುವವರೆಗೆ ಕರಣೆಯನ್ನು ಮುಟ್ಟದಿರುವುದೇ ಒಳ್ಳೆಯದು. ಒಣಗಲು ವಾರಗಳೇ ಹಿಡಿಯಬಹುದು. ಈ ಕಾಯುವಿಕೆಯನ್ನು ಸಹಿಸದವರೇ ಹೆಚ್ಚು.

ಆಮೇಲೆ ಬಿದ್ದ ಜಾಗದ ಸುತ್ತ ಸ್ಕ್ರೂಡ್ರೈವರಿನ ಹಿಡಿಯಿಂದ ಮೆಲ್ಲಗೆ ತಟ್ಟುತ್ತ ಹೋಗಿ. ಗಟ್ಟಿ ಗಾರೆ ಟಕ್ ಎನ್ನುತ್ತದೆ, ಬಿಟ್ಟುಕೊಂಡ ಗಾರೆ ಖಾಲಿ ಡಬ್ಬಿಯಂತೆ ಟೊಳ್ಳಾಗಿ ಸದ್ದು ಮಾಡುತ್ತದೆ. ಟೊಳ್ಳಿನ ಅಂಚನ್ನು ಪೆನ್ಸಿಲ್‌ನಿಂದ ಗುರುತಿಸಿದರೆ, ಕಣ್ಣಿಗೆ ಕಂಡ ತಟ್ಟೆಯಗಲದ ಗಾಯ ಅನೇಕ ವೇಳೆ ಮೊರದಗಲವಾಗುತ್ತದೆ. ಅಷ್ಟನ್ನೂ ತೆಗೆಯಬೇಕು. ಕನ್ನಡಕ, ಮುಖಗವಸು ಧರಿಸಿ, ಗಾರೆ ಬೀಳುವ ಜಾಗದಿಂದ ಪಕ್ಕಕ್ಕೆ ಸರಿದು ನಿಂತು ಕೆಲಸ ಮಾಡಿ.

ಗಾರೆ ತೆಗೆದಾಗ ತುಕ್ಕು ಹಿಡಿದ ಕಂಬಿ ಕಾಣಿಸಿದರೆ ಅಲ್ಲಿಗೇ ನಿಲ್ಲಿಸಿ. ತುಕ್ಕು ಮೂಲ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುವುದರಿಂದ ಕಾಂಕ್ರೀಟನ್ನೇ ಒಡೆದು ಕೆಳಕ್ಕೆ ತಳ್ಳುತ್ತದೆ. ಅದು ಸ್ಲ್ಯಾಬಿನ ಕಾಯಿಲೆಯಾದ್ದರಿಂದ ಕಟ್ಟಡದ ಎಂಜಿನಿಯರ್ ಬಂದು ನೋಡಲೇಬೇಕು.

ಕಂಬಿ ಕಾಣದಿದ್ದರೆ ಕಾಂಕ್ರೀಟಿನ ಮೈಗೆ ಉಳಿಯಿಂದ ಕಚ್ಚು ಹೊಡೆದು, ಧೂಳು ತೊಳೆದು, ಮೈ ತೇವವಿದ್ದೂ ನೀರು ತೊಟ್ಟಿಕ್ಕದ ಹದಕ್ಕೆ ಬಂದಾಗ ಸಿಮೆಂಟಿನ ತೆಳು ಹಾಲನ್ನು ಬಳಿದು, ಅದು ಹಸಿಯಿರುವಾಗಲೇ ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಜರಡಿ ಹಿಡಿದ ಮರಳಿನ ಗಾರೆಯನ್ನು ಒತ್ತಿ ಮೆತ್ತಬೇಕು. ಚಾವಣಿಗೆ 6 ಮಿಲಿಮೀಟರ್ ದಪ್ಪ ಸಾಕು. ಒಂದೇ ಸಲಕ್ಕೆ ದಪ್ಪವಾಗಿ ಮೆತ್ತಿದರೆ ತನ್ನ ಭಾರಕ್ಕೇ ಜೋತುಬೀಳುತ್ತದೆ. 7 ದಿನ ನೀರು ಚಿಮುಕಿಸಿ, ಚೆನ್ನಾಗಿ ಒಣಗಿದ ಮೇಲಷ್ಟೇ ಪುಟ್ಟಿ, ಪ್ರೈಮರ್, ಬಣ್ಣ.

ಪ್ರಶ್ನೆ: ಗೋಡೆ ಮತ್ತು ಚಾವಣಿ ಕೂಡುವಲ್ಲಿ ಕೂದಲೆಳೆಯಂಥ ಬಿರುಕಿದೆ. ಪ್ರತಿ ಸಲ ಪುಟ್ಟಿ ತುಂಬಿದರೂ ಅದೇ ಗೆರೆಯಲ್ಲಿ ಬಿಡುತ್ತದೆ.

ಉತ್ತರ: ಬಿಸಿಲು ಮತ್ತು ತಂಪಿಗೆ ಚಾವಣಿ ಹಿಗ್ಗಿ ಕುಗ್ಗುವಾಗ ಗೋಡೆ ಅಷ್ಟೇ ಚಲಿಸುವುದಿಲ್ಲ, ಹಿಗ್ಗಲಾರದ ಪುಟ್ಟಿ ಅಲ್ಲಿ ಸೀಳಲೇಬೇಕು. ಬಿರುಕನ್ನು ಕೆರೆದು ಸ್ವಲ್ಪ ಅಗಲ ಮಾಡಿ, ಧೂಳು ತೆಗೆದು, ಬಣ್ಣ ಹಿಡಿಯುವ ಅಕ್ರಿಲಿಕ್ ಸೀಲೆಂಟನ್ನು ತುಂಬಿ ಒದ್ದೆ ಬೆರಳಿನಿಂದ ಸವರಿ. ಸಿಲಿಕೋನ್ ಬೇಡ, ಅದರ ಮೇಲೆ ಬಣ್ಣ ನಿಲ್ಲುವುದಿಲ್ಲ. ಆದರೆ ಬಿರುಕು ತಿಂಗಳಿಂದ ತಿಂಗಳಿಗೆ ಅಗಲವಾಗುತ್ತಿದ್ದರೆ, ಅಥವಾ ಬಾಗಿಲು ಹೊಸದಾಗಿ ಚೌಕಟ್ಟಿಗೆ ತಾಗುತ್ತಿದ್ದರೆ, ಸೀಲೆಂಟ್ ತರುವ ಮೊದಲು ಎಂಜಿನಿಯರನ್ನು ಕರೆಸಿ.