ಮೂರಂತಸ್ತಿನ ಕೇಕಿಗೆ ಒಂಟಿಕಾಲಿನ ಸ್ಟ್ಯಾಂಡ್ ಬೇಡ

ನಮಸ್ಕಾರ. ತಂಗಿಯ ಆರತಕ್ಷತೆಗೆ 12, 9 ಮತ್ತು 6 ಇಂಚಿನ ಮೂರಂತಸ್ತಿನ ಕೇಕ್ ಹೇಳಿದ್ದೀರಿ. ಮನೆಯಲ್ಲಿರುವ ಒಂಟಿಕಾಲಿನ ಗಾಜಿನ ಸ್ಟ್ಯಾಂಡ್ ಸಾಕೇ ಎಂದು ಕೇಳಿದ್ದೀರಿ. ಸಾಲದು. ಅದು ಹುಟ್ಟುಹಬ್ಬದ ಒಂದೆರಡು ಕಿಲೋ ಕೇಕಿಗೆ ಸರಿ. ನಿಮ್ಮದು ಫಾಂಡಂಟ್ (ಸಕ್ಕರೆಯ ದಪ್ಪ ಹೊದಿಕೆ) ಹೊದಿಸಿದ ಮೇಲೆ ಹತ್ತು ಕಿಲೋ ಆಚೀಚೆ ತೂಗಬಹುದು.

ಬೇಕರಿಯವರಲ್ಲಿ ಕೇಕಿನ ಅಳತೆಯ ಜೊತೆಗೆ ಅದರಡಿಯ ಬೋರ್ಡಿನ ಅಳತೆಯನ್ನೂ ಕೇಳಿ. 12 ಇಂಚಿನ ಕೇಕ್ ಸಾಮಾನ್ಯವಾಗಿ 14 ಇಂಚಿನ ಬೋರ್ಡಿನ ಮೇಲೆ ಬರುತ್ತದೆ. ಆದ್ದರಿಂದ ಸ್ಟ್ಯಾಂಡಿನ ಮೇಲ್ಭಾಗ 16 ಇಂಚಾದರೂ ಇರಲಿ. ಅಗಲ ಬುಡದ, ನಾಲ್ಕೈದು ಇಂಚು ಎತ್ತರದ ಕಬ್ಬಿಣದ ಅಥವಾ ಮರದ ಪೀಠವೇ ನನ್ನ ಆಯ್ಕೆ. ಸ್ಟ್ಯಾಂಡ್ ಕೊಳ್ಳಲು ಬೆಳಗಾವಿಯ ಖಡೇಬಜಾರ್ ಸುತ್ತುವ ಮೊದಲು, ಠೇವಣಿ ಇಟ್ಟುಕೊಂಡು ಬೇಕರಿಯವರೇ ಕೊಡುತ್ತಾರೆಯೇ ವಿಚಾರಿಸಿ. ಮದುವೆ ಮುಗಿದ ಮೇಲೆ ಅದು ಅಟ್ಟ ಸೇರುವ ವಸ್ತು.

ನಮ್ಮ ಅಣ್ಣನ ಮದುವೆಯಲ್ಲಿ ಸ್ಟ್ಯಾಂಡ್ ಗಟ್ಟಿಯಾಗಿಯೇ ಇತ್ತು, ವಾಲಿದ್ದು ಮಂಟಪದ ಮಡಚುವ ಮೇಜು. ಮೇಲೆ ಜರಿಯ ಬಟ್ಟೆ ಇಳಿಬಿಟ್ಟಿದ್ದರಿಂದ ಯಾರಿಗೂ ಕಾಣಲಿಲ್ಲ. ಕೊನೆಗೆ ಮಾವ ಬಗ್ಗಿ, ಉಳಿದ ಲಗ್ನಪತ್ರಿಕೆ ನಾಲ್ಕನ್ನು ಮಡಚಿ ಮೇಜಿನ ಕಾಲಿಗೆ ಸಿಕ್ಕಿಸಿದರು! ನೀವು ಮೊದಲೇ ತಟ್ಟೆಯಲ್ಲಿ ನೀರು ಹಾಕಿ ಮೇಜಿನ ಮೇಲಿಟ್ಟು, ಸಮವಿದೆಯೇ ನೋಡಿಕೊಳ್ಳಿ. ಫ್ಯಾನಿನ ಗಾಳಿಗಿಂತ ಫೋಕಸ್ ದೀಪದ ಬಿಸಿ ಕ್ರೀಮಿಗೆ ಕೆಟ್ಟದ್ದು, ಮೇಜನ್ನು ಅದರಿಂದ ದೂರವಿಡಿ.

ಕೇಕನ್ನು ಜೋಡಿಸಿ ತರಿಸಬೇಡಿ. ಒಳಗೆ ಆಧಾರದ ಕಡ್ಡಿಗಳಿದ್ದರೂ ಟಿಳಕವಾಡಿಯ ರೈಲ್ವೆ ಗೇಟಿನ ಕುಲುಕಾಟವನ್ನು ನಂಬುವಂತಿಲ್ಲ. ಮೂರೂ ಅಂತಸ್ತು ಬೇರೆ ಬೇರೆ ಡಬ್ಬಿಯಲ್ಲಿ ಬರಲಿ, ಬೇಕರಿಯವರೇ ಸ್ಟ್ಯಾಂಡಿನ ಮೇಲೆ ಜೋಡಿಸಿ ಹೋಗಲಿ.